ನೀಲವ್ವನಿಗೆ ಬಂದ ಉತ್ತರ ನನ್ನ ಹೊಟ್ಟೆಯಲ್ಲಿತ್ತು

ನಾನು ಒಂದು ಕಂಪ್ಯೂಟರು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ, ಊಟ ಮುಗಿಸಿ ಬಂದವನೊಬ್ಬ ಬಿಡಿಭಾಗಗಳನ್ನು ಜೋಡಿಸಿ ನನಗೆ ಜೀವ ಕೊಟ್ಟ. ಮರುದಿನವೇ ಗದಗಿನ ಗುರುಬಸಪ್ಪನವರ ಪ್ರೆಸ್ಸಿಗೆ ಬಂದೆ. ಬಂದ ಕೂಡಲೇ ಹಣೆಗೆ ವಿಭೂತಿ ಬಿತ್ತು.

ನನ್ನನ್ನು ನಡೆಸುವಾಕೆ ನೀಲವ್ವ. ಹನ್ನೊಂದು ವರ್ಷ ಊರಮಂದಿಯ ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸಿದಳು. ಅವಳ ಬೆರಳು ಓಡಿದರೆ ನನಗೆ ಹಿಗ್ಗು.

ಒಮ್ಮೆ ಅವಳು ರಜೆಯಲ್ಲಿದ್ದಳು. ಯಾರದೋ ಮದುವೆಯ ಬೀಗರ ಕಡೆಯ ಹಿರಿಯರು ಲಗ್ನಪತ್ರಿಕೆಯ ಕರಡು ನೋಡಲು ಕುಳಿತಿದ್ದರು. ಗುರುಬಸಪ್ಪನವರು ಈಮೇಲ್ ತೆರೆದರೆ ಪರದೆ ತುಂಬ ಬನಿಯನ್ ಚಡ್ಡಿಗಳ ಜಾಹೀರಾತು! ಅವರು ನಾಚಿ ನೀರಾದರು. ರಿಪೇರಿಯವನನ್ನು ಕರೆಸಿ, ಪತ್ರಗಳಲ್ಲಿ ಬರೀ ಅಕ್ಷರ ಕಾಣುವಂತೆ ಮಾಡಿಸಿಬಿಟ್ಟರು. ಬೇರೆ ಫೈಲಾಗಿ ಬಂದದ್ದು ಎಂದಿನಂತೆ ತೆರೆಯುತ್ತಿತ್ತು. ಪತ್ರದ ಒಳಗೇ ಅಂಟಿಸಿದ ಚಿತ್ರ ಮಾತ್ರ ಮಾಯವಾಗುತ್ತಿತ್ತು. ಇದನ್ನು ನೀಲವ್ವನಿಗೆ ಹೇಳಲು ಅವರು ಮರೆತರು.

ಮೂವತ್ತಾರು ದಾಟಿದ ಮೇಲೆ ನೀಲವ್ವನಿಗೆ ಗಂಡು ಕೂಡಿಬಂತು. ಲಕ್ಷ್ಮೇಶ್ವರದ ಡ್ರಾಯಿಂಗ್ ಮಾಸ್ತರರು, ಶಿವಲಿಂಗಪ್ಪ. ಅವಳಿಗೂ ಮನಸ್ಸಾಗಿತ್ತು. ಆದರೆ ಮದುವೆಯಾದ ಮೇಲೂ ಪ್ರೆಸ್ಸಿನ ಕೆಲಸ ಬಿಡೆನೆಂಬುದು ಅವಳ ಷರತ್ತು. "ಒಪ್ಪಿಗಿ ಇದ್ರ ಲಗ್ನಪತ್ರಿಕಿ ಕರಡು ನೀವ ಬರದು ಕಳಸ್ರಿ" ಎಂದು ಈಮೇಲ್ ಮಾಡಿದಳು.

ಮೂರನೆಯ ದಿನ ಪತ್ರ ಬಂತು. "ನನ್ನ ಉತ್ತರ ಕೆಳಗ ಐತ್ರಿ" ಎಂದಿತ್ತು. ಕೆಳಗೆ ಬಟಾಬಯಲು.

ಉತ್ತರ ನನ್ನ ಹೊಟ್ಟೆಯಲ್ಲೇ ಇತ್ತು! ಹೇಳಲು ಬಾಯಿಲ್ಲ, ಫ್ಯಾನನ್ನು ಜೋರಾಗಿ ತಿರುಗಿಸಿದೆ, ಅಷ್ಟೇ. ಅವಳು ಪತ್ರ ಮುಚ್ಚಿ ತೆರೆದಳು. ನನ್ನನ್ನೇ ಆರಿಸಿ ಮತ್ತೆ ಹಚ್ಚಿದಳು.

"ಇಲ್ಲ ಅನ್ನಾಕ ಆಗದ ಖಾಲಿ ಕಳಿಸ್ಯಾರ ನೋಡ್ರಿ, ಅಣ್ಣಾರ" ಎಂದು ಗುರುಬಸಪ್ಪನವರಿಗೆ ತೋರಿಸಿದಳು. ಕಣ್ಣು ತುಂಬಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಜೀವ ನನ್ನ ಇಲ್ಲದ ಬಾಯಿಗೆ ಬಂತು.

ಗುರುಬಸಪ್ಪನವರು ಜೀವಮಾನವಿಡೀ ಕಾಗದ ತೂಗಿದವರು. ಕನ್ನಡಕ ಏರಿಸಿ ಬಗ್ಗಿದರು. "ತಡಿಯವ್ವಾ. ನಾಕ ಅಕ್ಷರದ ಪತ್ರ, ಎರಡು ಎಂಬಿ ತೂಕ ಯಾಕ ತೋರಸ್ತೈತಿ?" ಎಂದವರೇ ನಾಲಿಗೆ ಕಚ್ಚಿಕೊಂಡರು. "ಅಯ್ಯ, ಆ ಬನಿಯನ್ ಚಡ್ಡಿ ಬಂದಾಗ ಚಿತ್ರ ಮುಚ್ಚಿಸಿದಾಂವ ನಾನ! ತಪ್ಪು ನಂದ ಐತಿ!"

ನೀಲವ್ವ ಪರದೆಯ ಮೇಲಿನ ಮೆನು ಪಟ್ಟಿ ಬಿಚ್ಚಿ, 'ಬರೀ ಅಕ್ಷರ' ಎಂಬುದನ್ನು ಬಿಟ್ಟು 'ಮೂಲ ರೂಪ' ಒತ್ತಿದಳು. ಪರದೆ ತುಂಬ ಮಾಸ್ತರರ ದುಂಡಗಿನ ಕೈಬರಹ ಬಂತು, ಸುತ್ತ ಬಳ್ಳಿಯ ಚಿತ್ರ. ವಧುವಿನ ಹೆಸರಿನ ಕೆಳಗೆ, ಹನ್ನೊಂದು ವರ್ಷದಲ್ಲಿ ಅವಳು ಯಾರಿಗೂ ಜೋಡಿಸದ ಸಾಲೊಂದಿತ್ತು: 'ಗದಗಿನ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವರು, ಮುಂದೆಯೂ ಜೋಡಿಸುವವರು.'

ನೀಲವ್ವ ಅಳುತ್ತಲೇ ನಕ್ಕಳು. "ಒಂದೂ ತಪ್ಪಿಲ್ರಿ ಅಣ್ಣಾರ, ಹಿಂಗ ಅಚ್ಚಿಗೆ ಹೋಗ್ಲಿ!"

ಅರಿಶಿಣ ಹಚ್ಚಿದ ಮೊದಲ ಪತ್ರಿಕೆಯನ್ನು ದೇವರ ಮುಂದಿಡುವುದು ಪ್ರೆಸ್ಸಿನ ರೂಢಿ. ತನ್ನ ಪತ್ರಿಕೆ ಅಚ್ಚಾದ ದಿನ ನೀಲವ್ವ ಎರಡಕ್ಕೆ ಹಚ್ಚಿದಳು. ಎರಡನೆಯದನ್ನು ನನ್ನ ತಲೆಗೆ ಅಂಟಿಸಿದಳು.

ಈಗ ಪ್ರೆಸ್ಸಿಗೆ ಹೊಸ ಕಂಪ್ಯೂಟರು ಬಂದಿದೆ. ನಾನು ಲಕ್ಷ್ಮೇಶ್ವರದಲ್ಲಿ ಅವಳ ಮನೆಯ ಮೂಲೆ ಹಿಡಿದು ಸುಖವಾಗಿದ್ದೇನೆ. ದಿನಾ ಬೆಳಿಗ್ಗೆ ಮಾಸ್ತರರು ಬುತ್ತಿ ಕಟ್ಟುವಷ್ಟರಲ್ಲಿ ಅವಳು ನನ್ನ ಧೂಳು ಒರೆಸುತ್ತಾಳೆ. ನನ್ನ ತಲೆಯ ಮೇಲಿನ ಪತ್ರಿಕೆಯ ಆ ಸಾಲಿಗೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. ಒಮ್ಮೆ ಓದಿಕೊಂಡು, ಗದಗಿನ ಬಸ್ಸಿಗೆ ಓಡುತ್ತಾಳೆ.