ಕೊಡೇಕಲ್ಲಿಗೆ ಹೋಗಿ ಬರುವ ಗಾಡಿ

ಶಹಾಪುರದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಾರಲು ಕೂತ ಮೇಲೆ ನನಗೆ ತಿಳಿದದ್ದು ಇಷ್ಟು: ಗಿರಾಕಿ ಬಣ್ಣ ನೋಡುತ್ತಾನೆ, ಸೀಟು ಒತ್ತುತ್ತಾನೆ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎನ್ನುತ್ತಾನೆ. ಕೊಳ್ಳುವುದು, ಬಿಡುವುದು ಮಾತ್ರ ಇನ್ನೊಂದು ಪ್ರಶ್ನೆಯ ಮೇಲೆ.

"ಕೊಡೇಕಲ್ಲಿಗೆ ಹೋಗಿ ಬರ್ತದೇನ್ರಿ?"

ನಮ್ಮ ಕಡೆ ಬಹಳ ಮನೆಗಳಲ್ಲಿ ಹೊಸ ಗಾಡಿಯನ್ನು ಮೊದಲು ಕೊಡೇಕಲ್ಲಿನ ಗುಡಿಗೆ ಒಯ್ದು, ಆಮೇಲೆ ಅಂಗಳಕ್ಕೆ ತರುತ್ತಾರೆ. ಹಿಂದೂಗಳು ಕಾಯಿ ಒಡೆಸುತ್ತಾರೆ, ನಾವು ಮುಸಲ್ಮಾನರು ಸಕ್ಕರೆ ಓದಿಸುತ್ತೇವೆ. ಪೆಟ್ರೋಲ್ ಗಾಡಿಗೆ ಅದೇನು ದೊಡ್ಡ ದಾರಿಯಲ್ಲ. ನನ್ನ ಸ್ಕೂಟರಿನ ಚಾರ್ಜು ಹೋಗಲು ಸಾಕು, ಬರಲು ಸಾಲದು.

ರಸ್ತೆಯ ಆಚೆ, ನನ್ನ ಎದುರಿಗೇ, ಮರಿಲಿಂಗಪ್ಪನ ಅಂಗಡಿ. ಅದು ಬೇರೆ ಕಂಪನಿಯದು. ಅವನ ಗಾಡಿಯ ಹಣೆಬರಹವೂ ಅಷ್ಟೇ. ಆದರೂ ತಿಂಗಳಿಗೆ ನಾನು ಮೂರು ಮಾರಿದರೆ ಅವನು ಎಂಟು ಮಾರುತ್ತಿದ್ದ. ಹೇಗೆಂದು ಕೇಳುವ ಹಾಗಿರಲಿಲ್ಲ. ಹದಿನಾಲ್ಕು ತಿಂಗಳಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದೇ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು ನಾವು. ನಾಲ್ಕು ಗಂಟೆಗೆ ಒಂದೇ ಚಹಾ ತರಿಸುತ್ತಿದ್ದೆವು. ಬಸಿಯಲ್ಲಿ ಸುರಿದ ಅರ್ಧ ಅವನಿಗೆ, ಕಪ್ಪಿನಲ್ಲಿ ಉಳಿದ ಅರ್ಧ ನನಗೆ. ಸ್ಕೂಟರ್ ಕಂಪನಿಯವರು ಬಂದು, ಏಜೆನ್ಸಿ ಒಬ್ಬರ ಹೆಸರಿಗೇ ಎಂದಾಗ ನಾನು ಕಲಬುರಗಿಗೆ ಹೋಗಿ ಸಹಿ ಹಾಕಿ ಬಂದೆ. ಅವನಿಗೆ ಮದುವೆಗೆ ಹೊರಟಿದ್ದೇನೆ ಎಂದಿದ್ದೆ. ಮರುದಿನ ಅವನು, "ಮದುವಿ ಊಟ ಹ್ಯಾಂಗಿತ್ತು?" ಎಂದು ಕೇಳುವಾಗ ಅವನಿಗೆ ಎಲ್ಲ ಗೊತ್ತಿತ್ತು. ನಾನು, "ಚಲೋ ಇತ್ತು" ಅಂದೆ. ನಮ್ಮ ಕೊನೆಯ ಮಾತು ಅದೇ.

ಈಗಲೂ ನಾಲ್ಕಕ್ಕೆ ಚಹಾ ಬರುತ್ತದೆ. ಪೂರ್ತಿ ಕುಡಿದರೆ ಎದೆ ಉರಿಯುತ್ತದೆ. ಅರ್ಧ ಬಿಡುತ್ತೇನೆ.

ಮೊನ್ನೆ ಮಧ್ಯಾಹ್ನ ದೋರನಹಳ್ಳಿ ಶಾಲೆಯ ಟೀಚರ್ ಸುಮಂಗಲಾ ತಮ್ಮ ಅತ್ತೆಯನ್ನು ಕರೆದುಕೊಂಡು ಬಂದರು. ಅತ್ತೆ ದೇವಕಮ್ಮ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದರು.

"ಸಪ್ಪಳನೇ ಇಲ್ಲಲ್ರಿ ಸಾಬ್ರ. ಚಾಲೂ ಅದನೋ ಬಂದ್ ಅದನೋ ಹ್ಯಾಂಗ ಗೊತ್ತಾಗಬೇಕು?"

"ಕುಂತ್ರ ಗೊತ್ತಾಗ್ತದ್ರಿ ಅವ್ವಾರ."

"ಕೊಡೇಕಲ್ಲಿಗೆ ಹೋಗಿ ಬರ್ತದೇನು?"

"ಹೋಗ್ತದ. ಬರಾಕ ಮತ್ತ ಚಾರ್ಜ್ ಮಾಡಬೇಕ್ರಿ."

"ಎದುರಿನವ್ರ ಗಾಡಿ ತಗೊಂಡವ್ರು ಊಟಾ ಮಾಡ್ಕೊಂಡು ಆರಾಮ ಬರ್ತಾರಂತ."

"ಅತ್ತಿ, ನಾ ದಿನಾ ಹೋಗೂದು ದೋರನಹಳ್ಳಿಗಿ," ಎಂದರು ಸುಮಂಗಲಾ.

"ದೇವರ ಕಡಿ ಒಂದಿನ ಹೋಗಿ ಬರದ ಗಾಡಿ ನಿನ್ನ ಸಾಲಿಗಿ ದಿನಾ ಹೋಗ್ತದೇನವಾ?"

ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೆ ಹಂಪಮ್ಮ ನೆನಪಾದಳು. ಕೊಡೇಕಲ್ಲಿನಲ್ಲಿ ಗುಡಿಯ ಓಣಿಯಲ್ಲೇ ಅವಳ ಮನೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ರೊಟ್ಟಿ ಬಡಿದು ಹಾಕಿದವಳು. ಆದರೆ ಮರಿಲಿಂಗಪ್ಪನ ಒಡಹುಟ್ಟಿದ ತಂಗಿ. ಎದುರಾಳಿಯ ಮನೆಯ ಕರೆಂಟು ಕೇಳುವುದು ವ್ಯಾಪಾರದಲ್ಲಿ ಶೋಭಿಸುವ ಕೆಲಸವಲ್ಲ. ಆದರೂ ಅತ್ತೆ ಸೊಸೆಗೆ ಒಂದು ನಿಮಿಷ ನಿಲ್ಲಲು ಹೇಳಿ ಫೋನು ಹಚ್ಚಿದೆ. ಆ ಮನೆಯ ಯಾರದಾದರೂ ದನಿ ಕೇಳುವ ಆಸೆಯೂ ಇತ್ತು.

"ತಂಗಿ, ನಾ ಲಾಡ್ಲೇಸಾಬ."

"ಹೆಸರು ಬ್ಯಾರೆ ಹೇಳ್ತೀಯೇನಣ್ಣಾ? ವರ್ಷ ಆದಮ್ಯಾಲ ಹೇಳೂದ ಬರೋಬರಿ, ಬಿಡು."

ನಾನು ಅಳುಕುತ್ತ ಗಿರಾಕಿಯ ವಿಷಯ ಹೇಳಿ, ಕರೆಂಟಿನ ಖರ್ಚು ಕೊಡುತ್ತೇನೆ ಎಂದೆ.

"ಖರ್ಚಿನ ಮಾತು ಇರ್ಲಿ. ನಮ್ಮಣ್ಣ ಪಡಸಾಲ್ಯಾಗ ಚಾರ್ಜಿಗಂತ ಎರಡು ಪಾಯಿಂಟ್ ಹಾಕಿಸ್ಯಾನ. ಒಂದಕ್ಕ ಅವನ ಗಿರಾಕಿ ಹಚ್ಚಿ, ಉಂಡು, ಅಡ್ಡಾಗಿ ಹೋಗ್ತಾರ. ಇನ್ನೊಂದು ಯಾರಿಗೂ ಕೊಡಬ್ಯಾಡ ಅಂದಾನ."

"ಯಾಕಂತ?"

"'ಲಾಡ್ಲ್ಯಾ ಎಂದಾರ ಕೇಳ್ತಾನ, ನೀನಾಗಿ ಹೇಳಬ್ಯಾಡ' ಅಂದಿದ್ದ. ಎಂಟು ತಿಂಗಳಿಂದ ಖಾಲಿ ಅದಣ್ಣ."

ಫೋನು ಇಟ್ಟೆ. ಬಾಗಿಲಲ್ಲಿ ನಿಂತಿದ್ದ ದೇವಕಮ್ಮನವರಿಗೆ ಹೇಳಿದೆ: ದರ್ಶನ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ.

"ಊಟ ಯಾರ ಮನ್ಯಾಗ?"

"ನನ್ನ ತಂಗಿ ಮನ್ಯಾಗ್ರಿ. ಹಂಪಮ್ಮ ಅಂತ."

ಅವರು ನನ್ನ ಗಡ್ಡ ನೋಡಿದರು, ಟೋಪಿ ನೋಡಿದರು. "ನೀಲಿ ಬಣ್ಣದ್ದು ಇರ್ಲಿ," ಎಂದು ಸೊಸೆಗೆ ಹೇಳಿದರು.

ನಾಲ್ಕಕ್ಕೆ ಚಹಾ ಬಂತು. ಕಪ್ಪು ಬಸಿ ಹಿಡಿದು ರಸ್ತೆ ದಾಟಿದೆ. ಮರಿಲಿಂಗಪ್ಪನ ಮುಂದೆ ಗಿರಾಕಿ ಕೂತಿದ್ದರು. ಒಬ್ಬರ ವ್ಯಾಪಾರದ ನಡುವೆ ಇನ್ನೊಬ್ಬರು ಬಾಯಿ ಹಾಕಬಾರದು ಎಂಬುದು ನಮ್ಮ ಗ್ಯಾರೇಜಿನ ರಿವಾಜು. ಮೆಟ್ಟಿಲ ಕೆಳಗೇ ನಿಂತೆ. ಅವನು ನನ್ನನ್ನು ನೋಡಿದ, ಮಾತು ನಿಲ್ಲಿಸಲಿಲ್ಲ. ಬ್ಯಾಟರಿ ಹೇಳಿದ, ಟೈರು ಹೇಳಿದ, ಕನ್ನಡಿಯ ಬಗ್ಗೆಯೂ ಹೇಳಿದ. ಬೇಕೆಂದೇ ಉದ್ದ ಎಳೆಯುತ್ತಿದ್ದ. ಎಳೆಯಲಿ ಎಂದುಕೊಂಡೆ. ಆ ದನಿಯನ್ನು ಅಷ್ಟು ಹತ್ತಿರದಿಂದ ಕೇಳಿ ಬಹಳ ದಿನವಾಗಿತ್ತು. ಚಹಾದ ಮೇಲೆ ಕೆನೆ ಕಟ್ಟಿತು.

ಗಿರಾಕಿ ಇಳಿದು ಹೋದ ಮೇಲೆ ಅವನು ಬಾಗಿಲಿಗೆ ಬಂದ.

"ಏನು, ನನ್ನ ರೇಟು ಕೇಳಾಕ ಬಂದೀಯೇನು?"

"ಮದುವಿ ಊಟ ಚಲೋ ಇದ್ದಿಲ್ಲ," ಅಂದೆ. "ಮದುವಿನೇ ಇದ್ದಿಲ್ಲ."

ಅವನು ನನ್ನ ಕೈಯಿಂದ ಬಸಿ ತೆಗೆದುಕೊಂಡು, ಕಪ್ಪಿಗೆ ಬೆರಳು ತಾಗಿಸಿ ನೋಡಿದ.

"ಆರಿ ಹೋಗ್ಯಾದ. ಬ್ಯಾರೆ ಹೇಳು," ಎಂದ. "ಒಂದೇ ಹೇಳು."