ಮೇಜಿನ ಕಾಲಡಿಯ ಕಲ್ಲು

"ಮೇಜು ಮಾತ್ರ ಮುಟ್ಟಬೇಡಿ" ಎಂದು ಅಕ್ಕ ಅದರ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ದಾರಿ ಬೇಡ್ವೇನೇ? ನಿನ್ನ ತಮ್ಮನ್ನ ಕಿಟಕಿಯಿಂದ ಆಚೆ ಕಳಿಸ್ತೀಯಾ?" ಎಂದರು ಅವಳ ಯಜಮಾನರು. ಭಾವಮೈದುನ ಬದುಕಿದ್ದಾಗ ಅವನನ್ನು ಗೇಲಿ ಮಾಡಿದ ಬಾಯಿ. ಇವತ್ತೂ ಅದಕ್ಕೆ ಬೇರೆ ಮಾತು ತಿಳಿಯದು. ಕಣ್ಣು ಮಾತ್ರ ಕೆಂಪಾಗಿತ್ತು.

ತಮ್ಮ ಒಳಕೋಣೆಯಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದ. ಮದುವೆಯಾಗದ ಅವನು ಹನ್ನೆರಡು ವರ್ಷ ಈ ಮನೆಯಲ್ಲಿದ್ದು, ಇದೇ ಮೇಜಿನ ಮುಂದೆ ಉಂಡವನು. ಅಕ್ಕನ ಭಯ ಬೇರೆಯೇ ಇತ್ತು. ಅವನು ಕೆಲಸ ಮಾಡುತ್ತಿದ್ದ ಕಾಲೇಜಿನ ಮೇಡಂ ಬಾಗಿಲಲ್ಲಿ ನಿಂತಿದ್ದರು. ಮೇಜು ಸರಿದರೆ ಅದರ ಕಾಲಡಿ ಇರುವುದು ಅವರ ಕಣ್ಣಿಗೆ ಬೀಳುತ್ತದೆ.

*

ಕಾಲೇಜಿನ ಪ್ರಯೋಗಾಲಯದಲ್ಲಿ ಅವನದು ಕಲ್ಲು ತೇಯುವ ಕೆಲಸ. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತೇದು ಸ್ಲೈಡು ಮಾಡಬೇಕು. ಅಕ್ಕ ನೆಂಟರ ಮುಂದೆ "ಕಾಲೇಜು ಆಫೀಸಲ್ಲಿದ್ದಾನೆ" ಎನ್ನುತ್ತಿದ್ದಳು.

ಒಂದು ಸಂಜೆ ಅಂಥದೊಂದು ಸ್ಲೈಡನ್ನು ತಂದು ಅವಳ ಅಂಗೈಯಲ್ಲಿಟ್ಟ.

"ಭೂಮಿ ಮೊದಲು ಬೆಂಕಿ ಉಂಡೆ ಅಕ್ಕ. ಆರಿ ಮೇಲೆ ತೊಗಟೆ ಕಟ್ಟಿತು, ಮಳೆ ಸುರಿದು ಕಡಲಾಯ್ತು. ಕಡಲಂಚಲ್ಲಿ ಬೆಳೆದ ಲೋಳೆ ಪದರ ಪದರವಾಗಿ ಕಲ್ಲಾಗಿದೆ ನೋಡು. ನಾವು ಎಳ್ಕೊಳೋ ಉಸಿರನ್ನ ಮೊದಲು ಗಾಳಿಗೆ ಬಿಟ್ಟಿದ್ದು ಅಂಥ ಲೋಳೇನೇ."

"ನಾವು ಲೋಳೆಯಿಂದ ಬಂದ್ವಾ? ಹಾಗಾದ್ರೆ ದೇವರ ಕೈ ಎಲ್ಲಿ ಹೋಯ್ತೋ?"

"ಕೈ ನಂಗೂ ಕಾಣ್ಸಿಲ್ಲ. ಇದನ್ನ ಹೆಬ್ಬೆಟ್ಟಿನ ಗುರುತು ಅಂದ್ಕೋ."

ಅವಳಿಗೆ ಮೈ ಉರಿಯಿತು. ಮಾರನೆ ದಿನ ಅವನು ಕೆಲಸಕ್ಕೆ ಹೋದ ಮೇಲೆ ಅದನ್ನು ರಟ್ಟಿನಲ್ಲಿ ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಡಿಗೆ ಕೊಟ್ಟಳು. ಅವನು ಕೇಳಿದಾಗ, "ಪ್ರಾರ್ಥನೆ ಪುಸ್ತಕದೊಳಗೆ ಜೋಪಾನವಾಗಿಟ್ಟಿದ್ದೀನಿ" ಎಂದಳು. ದೇವರನ್ನು ಅಡ್ಡವಿಟ್ಟು ಆಡಿದ ಸುಳ್ಳು. ಅವನು ಮತ್ತೆ ಕೇಳಲಿಲ್ಲ.

*

ಮೇಡಂ ಹತ್ತಿರ ಬಂದು ಅವಳ ಭುಜ ಮುಟ್ಟಿದರು. "ಆ ಹಳೇ ಕಲ್ಲಿಂದ ನಿಮ್ಮ ತಮ್ಮ ಎರಡೇ ಸ್ಲೈಡು ಮಾಡಿದ್ದು. ನಮ್ಮದು ಒಡೆದುಹೋಯ್ತು. ಅಕ್ಕನ ಹತ್ರ ಇರೋದನ್ನ ಕೇಳಿ ತನ್ನಿ ಅಂತ ಎಷ್ಟು ಸಲ ಹೇಳಿದ್ದೆ."

"ಏನಂದ?"

"'ಬೇಡ ಮೇಡಂ, ಅದನ್ನ ತೆಗೆದ್ರೆ ನಮ್ಮಕ್ಕ ಬಡಿಸಿದ ತಟ್ಟೆ ಕುಣಿಯುತ್ತೆ' ಅಂತ ನಗ್ತಿದ್ರು. ನಂಗದು ಇವತ್ತಿಗೂ ಅರ್ಥ ಆಗಿಲ್ಲ."

ಅಕ್ಕನ ಕೈಗಳು ಮೇಜನ್ನು ಬಿಟ್ಟವು. ಎಲ್ಲರೂ ನೋಡುತ್ತಿದ್ದಂತೆ ಮಂಡಿಯೂರಿ, ಕಾಲಡಿಯ ರಟ್ಟನ್ನು ಎಳೆದು ಬಿಡಿಸಿದಳು. ಗಾಜಿನ ಮೂಲೆ ಬಿರುಕು ಬಿಟ್ಟಿತ್ತು. ಹೆಬ್ಬೆರಳಿನಿಂದ ಧೂಳೊರೆಸಿ ಕಿಟಕಿಗೆ ಹಿಡಿದಳು. ಜೇನಿನ ಬಣ್ಣದ ಗೆರೆಗಳು ಒಂದರ ಮೇಲೊಂದು ಬಾಗಿ ನಿಂತಿದ್ದವು, ಅವುಗಳ ಮೂಲಕ ಬೆಳಕು ಅವಳ ಮುಖಕ್ಕೆ ಬಂತು.

ಮೇಡಂ ಅದನ್ನು ನೋಡಿದರು, ಮೇಜಿನ ಕಾಲನ್ನು ನೋಡಿದರು.

ಅವಳ ಹಿಂದೆ ಮೇಜು ವಾಲಿತು. ಅದರ ಮೇಲಿದ್ದ ನೀರಿನ ಲೋಟ ಮೆಲ್ಲಗೆ ಜಾರುತ್ತ, ಅವನು ಕೂರುತ್ತಿದ್ದ ಕುರ್ಚಿಯ ಕಡೆಗೆ ಹೋಗಿ ಅಂಚಿನಲ್ಲಿ ನಿಂತಿತು.