ಮೋರಟಗಿಯ ಕೀಟಾಸುರ

ಪರಸಪ್ಪನ ಬೆನ್ನು ಮಣ್ಣು ಕಂಡಿಲ್ಲ ಎಂಬುದು ಮೋರಟಗಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಕುಸ್ತಿ ಇದ್ದರೂ ಅವನು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಹೋಗುತ್ತಿದ್ದ. ಎದುರಾಳಿಯನ್ನು ಅಂಗಾತ ಕೆಡವಿ, ತಲೆಗೆ ಹೊಸ ರುಮಾಲು ಸುತ್ತಿಸಿಕೊಂಡು ಬರುತ್ತಿದ್ದ. ವಯಸ್ಸು ನಲವತ್ತು ಮುಟ್ಟಿ, ಎರಡು ವರ್ಷದಿಂದ ಅಖಾಡಕ್ಕೆ ಇಳಿದಿರಲಿಲ್ಲವಾದರೂ ಆ ಮಾತು ಮಾತ್ರ ಸವೆದಿರಲಿಲ್ಲ. ಹೆಂಡತಿ ಹುಚ್ಚವ್ವ ದನದ ಕೊಟ್ಟಿಗೆ ಬಳಿಯಲು ಹೇಳಿದರೂ ಅವನು ಅದನ್ನೇ ತೆಗೆಯುತ್ತಿದ್ದ.

"ಬೆನ್ನಿಗೆ ಮಣ್ಣ ಹತ್ತದ ಪೈಲ್ವಾನ ಅದೇನಿ ನಾ. ನನಗ ಸಗಣಿ ಬಳಿ ಅಂತಿ?"

"ಬೆನ್ನಿಗೆ ಯಾರ ಹಚ್ಗೋರಿ ಅಂದ್ರು? ಕೈಗೆ ಹಚ್ಗೋರಿ," ಎನ್ನುತ್ತಿದ್ದಳು ಆಕೆ.

ಎಪ್ಪತ್ತೈದನೆಯ ಇಸವಿಯ ಮಳೆಗಾಲದಲ್ಲಿ ಸರಕಾರದವರು ಊರಿನ ಶಾಲೆಗೆ ಒಂದು ಟಿವಿ ತಂದು ಇಟ್ಟರು. ಮಾಳಿಗೆಯ ಮೇಲೆ ತಂತಿ ಬಲೆಯ ದೊಡ್ಡದೊಂದು ಕೊಡೆಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಸಂಜೆಯಾದರೆ ಊರಿಗೆ ಊರೇ ಕಂಬಳಿ ಹಾಸಿ ಕೂರುತ್ತಿತ್ತು. ಕುಣಿತ, ಡೊಳ್ಳು, ನಾಟಕ ಬಂದರೆ ಎಲ್ಲರಿಗೂ ಕಣ್ಣು ಅಗಲ. ಬೀಜೋಪಚಾರ, ಕೀಟನಾಶಕದ ಮಾತು ಬಂತೆಂದರೆ ಮಕ್ಕಳು ಮಲಗುತ್ತಿದ್ದವು, ದೊಡ್ಡವರು ತಂಬಾಕು ತಿಕ್ಕುತ್ತಿದ್ದರು.

ಈ ಸಂಗತಿ ಟಿವಿಯವರಿಗೂ ತಿಳಿಯಿತು. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹೈದರಾಬಾದಿನಿಂದ ಒಂದು ಜೀಪು ಬಂತು. ಅದರಿಂದ ಇಳಿದ ಗುರಲಿಂಗಪ್ಪ ಮೂಲದಲ್ಲಿ ಬಾಗೇವಾಡಿ ಕಡೆಯವನೇ; ಈಗ ಟಿವಿಗೆ ಕಾರ್ಯಕ್ರಮ ಮಾಡುವ ಸಾಹೇಬ. ಶಾಲೆಯ ಕಟ್ಟೆಯ ಮೇಲೆ ಜನರನ್ನು ಕೂಡಿಸಿಕೊಂಡು ಅವನು ಹೇಳಿದ:

"ನಾ ತರಬೇತಿಗಂತ ಜಪಾನಕ್ಕ ಹೋಗಿದ್ದೆ. ಅಲ್ಲಿ ಟಿವಿಯೊಳಗ ಒಬ್ಬ ಮುಖವಾಡದ ವೀರ ಬರ್ತಾನ. ವಾರಕ್ಕೊಂದು ರಬ್ಬರಿನ ರಾಕ್ಷಸ ಬರ್ತೈತಿ. ವೀರ ಅದನ್ನ ಒದ್ದು ಕೆಡವ್ತಾನ. ಹುಡುಗ್ರು ಉಣ್ಣೂದ ಬಿಟ್ಟ ನೋಡ್ತಾವು."

"ವಾರಾ ವಾರಾ ಸಾಯ್ತೈತೇನ್ರಿ ರಾಕ್ಷಸ?" ಎಂದು ಪರಸಪ್ಪ ಕೇಳಿದ.

"ಸಾಯ್ತೈತಿ. ಮುಂದಿನ ವಾರ ಬ್ಯಾರೇದ ಬರ್ತೈತಿ."

"ಹಂಗಾದ್ರ ಜಪಾನದಾಗ ಭಾಳ ತ್ರಾಸ ಐತಿ ಬಿಡ್ರಿ."

ಗುರಲಿಂಗಪ್ಪ ಆ ಮಾತಿನ ಕಡೆ ಲಕ್ಷ್ಯ ಕೊಡಲಿಲ್ಲ. ಅವನ ಕಣ್ಣು ಪರಸಪ್ಪನ ಹೆಗಲಿನ ಮೇಲಿತ್ತು. ನಮ್ಮ ರೈತರ ರಾಕ್ಷಸ ಯಾವುದು, ತೊಗರಿಗೆ ಬೀಳುವ ಕೀಡಿ ಅಲ್ಲವೇ ಎಂದ. ಆ ಹುಳುವನ್ನು ಕೀಟಾಸುರ ಮಾಡಿ, ಬೆಳೆವೀರನೆಂಬ ವೀರನಿಂದ ಹೊಡೆಸಿ, ಕೀಟನಾಶಕದ ಎಣ್ಣೆ ಹೊಡೆಯುವ ಪಂಪು ಹಿಡಿಯುವುದು ಹೇಗೆಂದು ಜನಕ್ಕೆ ಕಲಿಸುವುದು ಅವನ ಯೋಚನೆ. ಕೊನೆಗೆ ಪರಸಪ್ಪನ ತೋಳು ಮುಟ್ಟಿ, "ನನಗ ಬೇಕಾದ ಮನಷ್ಯಾ ಸಿಕ್ಕ ನೋಡ್ರಿ," ಎಂದುಬಿಟ್ಟ.

ಪರಸಪ್ಪ ಮನೆಗೆ ನಡೆದು ಹೋಗಲಿಲ್ಲ, ಹಾರಿ ಹೋದ. "ಟಿವಿಯೊಳಗ ವೀರನ ಪಾರ್ಟು ನಂದು!" ಎಂದು ಹೆಂಡತಿಗೆ ಹೇಳಿದ. ಓಣಿಗೆ ಹೇಳಿದ. ಹುಚ್ಚವ್ವ ತವರೂರಾದ ಮಸೂತಿಗೆ ಹೇಳಿ ಕಳಿಸಿದಳು.

ಮರುದಿನ ಸಿಂದಗಿಯಿಂದ ದರ್ಜಿ ಯಾಕೂಬಸಾಬ ಟೇಪು ಹಿಡಿದು ಬಂದ. ಎದೆ ಅಳೆದ, ಸೊಂಟ ಅಳೆದ. ಆಮೇಲೆ ಪಕ್ಕೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಾ, "ಹದಿಮೂರು, ಹದಿನಾಕು," ಎಂದು ಎಣಿಸತೊಡಗಿದ.

"ಏನ ಎಣಸಾಕತ್ತೀಯೋ ಯಾಕೂಬಣ್ಣಾ?"

"ಕಾಲು. ಒಟ್ಟ ಹದಿನಾರು."

"ವೀರಗ ಹದಿನಾರ ಕಾಲ ಯಾಕೋ?"

ಯಾಕೂಬಸಾಬ ಕನ್ನಡಕ ಹಣೆಗೇರಿಸಿ ಅವನನ್ನು ಕನಿಕರದಿಂದ ನೋಡಿದ. "ವೀರಗ ಎರಡ ಕಾಲಪಾ. ಕೀಡಿಗೆ ಹದಿನಾರು. ನೀ ಕೀಡಿ. ಸಾಹೇಬ್ರು ಹೇಳಿಲ್ಲೇನು?"

ಪರಸಪ್ಪ ಸೀದಾ ಗುರಲಿಂಗಪ್ಪನ ಹತ್ತಿರ ಹೋದ. ವೀರ ಆಗಲೇ ಬಂದು ಜೀಪಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದ. ಹೆಸರು ಶ್ರೀಶೈಲಪ್ಪ, ಮುದ್ದೇಬಿಹಾಳದ ಬಟ್ಟೆ ಅಂಗಡಿಯವನು, ನಾಟಕದ ಹುಚ್ಚಿನವನು. ಕಂಠ ಗುಡುಗಿನಂತೆ, ಮೈ ಮಾತ್ರ ಜೋಳದ ದಂಟು.

"ಇವರನ್ನ ನಾ ಒಂದ ಕೈಲೆ ಎತ್ತೇನ್ರಿ. ಇವರ ಕೈಲಿ ನಾ ಸೋಲಬೇಕ?" ಎಂದ ಪರಸಪ್ಪ.

"ಕೀಡಿ ವೇಷ ಕೌದಿ ಹೊಲಿದು ಮಾಡೂದು, ಇಪ್ಪತ್ತ ಸೇರು ಭಾರ ಆಗ್ತೈತ್ರಿ," ಎಂದು ಗುರಲಿಂಗಪ್ಪ ಮೆಲ್ಲಗೆ ಹೇಳಿದ. "ಬಿಸಲಾಗ ಹೊತ್ತು ನಿಲ್ಲಾಕ ಪೈಲ್ವಾನನ ಬೇಕು. ಇವರನ್ನ ಅದರಾಗ ಹಾಕಿದ್ರ ನಾ ಇವರ ಮನಿಗೆ ಏನಂತ ಹೇಳಲಿ?"

ಹೊಗಳಿಕೆಗೆ ಪರಸಪ್ಪ ಕರಗಿದ. ಹೇಗೂ ಮುಖ ಕಾಣುವುದಿಲ್ಲ, ಒಳಗೆ ಯಾರಿದ್ದಾರೆಂದು ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ. ಮನೆಯಲ್ಲಿ ಮಾತ್ರ ನಿಜ ಹೇಳುವ ಧೈರ್ಯ ಬರಲಿಲ್ಲ. "ಫೋಟೋ ತಗಿಯೂ ಮುಂದ ಹೆಂಗಸರು ಬಂದ್ರ ರೀಲ್ ಕೆಡ್ತೈತಂತ. ನೀ ಆ ಕಡಿ ಬರಬ್ಯಾಡ," ಎಂದ. ಹುಚ್ಚವ್ವ ಅವನ ಮುಖವನ್ನು ಒಂದು ಕ್ಷಣ ನೋಡಿ, "ಆತು," ಎಂದಳು. ಆ 'ಆತು' ಪರಸಪ್ಪನಿಗೆ ಅಷ್ಟು ಸರಿ ಕಾಣಲಿಲ್ಲ.

ಶೂಟಿಂಗಿಗೆ ಆರಿಸಿದ್ದು ಪರಸಪ್ಪನದೇ ತೊಗರಿ ಹೊಲ. ಬೆಳಗಿನ ಬಿಸಿಲೇರುವಾಗ ನಾಲ್ಕು ಜನ ಸೇರಿ ಅವನನ್ನು ವೇಷದೊಳಗೆ ತುರುಕಿದರು. ಹಳೆಯ ಕೌದಿಗಳಿಗೆ ಹತ್ತಿ ತುಂಬಿ ಉಂಗುರ ಉಂಗುರವಾಗಿ ಹೊಲಿದಿದ್ದ ಯಾಕೂಬಸಾಬ. ಎರಡೂ ಪಕ್ಕೆಗೆ ತುಂಬಿದ ಕಾಲುಚೀಲಗಳು ನೇತಾಡುತ್ತಿದ್ದವು. ನೋಡಲು ಬಾಯಿಯಲ್ಲೊಂದು ತೂತು. ಶ್ರೀಶೈಲಪ್ಪ ಬೆಳ್ಳಿ ಬಣ್ಣ ಬಳಿದ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು, ಬೆನ್ನಿಗೆ ಟವೆಲ್ ಕಟ್ಟಿಕೊಂಡು, ಪಂಪು ಹೊತ್ತು ನಿಂತ.

"ಎಲವೋ ಕೀಟಾಸುರ! ರೈತನ ಬೆವರಿನ ಫಲವನ್ನು ಮೇಯುವ ನಿನ್ನನ್ನು ಇಂದು ಉಳಿಸಲಾರೆ!" ಎಂದು ಗುಡುಗಿ, ಓಡಿ ಬಂದು ಒದ್ದ.

ಪರಸಪ್ಪ ಬೀಳಬೇಕೆಂದೇ ನಿಂತಿದ್ದ. ಆದರೆ ಇಪ್ಪತ್ತು ವರ್ಷ ಗರಡಿಯಲ್ಲಿ ಪಳಗಿದ ಕೈ ಯಾರನ್ನೂ ಕೇಳಲಿಲ್ಲ. ಬಂದ ಕಾಲನ್ನು ಹಿಡಿಯಿತು, ತಿರುವಿತು. ಬೆಳೆವೀರ ಪಂಪಿನ ಸಮೇತ ತೊಗರಿಯೊಳಗೆ ಹೋಗಿ ಬಿದ್ದ.

"ತಪ್ಪಾತ್ರಿ," ಎಂದಿತು ಕೀಡಿ. "ಇನ್ನೊಮ್ಮೆ ಬರ್ರಿ."

ಇನ್ನೊಮ್ಮೆ ಬಂದ ಶ್ರೀಶೈಲಪ್ಪ ಕೀಡಿಯ ಹೆಗಲ ಮೇಲಿಂದ ಹಾರಿ ಹಿಂದೆ ಬಿದ್ದ. ಮೂರನೆಯ ಸಲ ಹೆಲ್ಮೆಟ್ ತಿರುಗಿ, ಹಿಂಬದಿ ಮುಂದಾಗಿ, ವೀರ ಕುರುಡನಂತೆ ಬದುವಿನ ಕಡೆಗೆ ಓಡಿದ. ಆರನೆಯ ಸಲ ಬಿದ್ದವನು ಏಳಲೇ ಇಲ್ಲ. ಮಲಗಿದಲ್ಲಿಂದಲೇ, "ಸಾಹೇಬ್ರ, ನನಗ ಅಂಗಡಿ ಐತ್ರಿ, ಮಕ್ಕಳದಾವ್ರಿ," ಎಂದ.

ಗುರಲಿಂಗಪ್ಪ ಕೀಡಿಗೆ ಕೈ ಮುಗಿದ. "ಪರಸಪ್ಪಣ್ಣಾರ, ಉಳಿದದ್ದು ಒಂದs ರೀಲು. ಕೀಡಿ ಗೆದ್ದರ ನನ್ನ ನೌಕರಿ ಹೋಗ್ತೈತಿ. ಬರೇ ಬೀಳ್ರಿ ಸಾಕು."

"ಬೀಳೂಣು ಅಂತ ಮನಸ ಅಂತೈತ್ರಿ, ಬೆನ್ನ ಕೇಳವಲ್ದು," ಎಂದ ಪರಸಪ್ಪ. ಕೌದಿಯೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಗೆಲ್ಲುವುದು ಇಷ್ಟು ಕೆಟ್ಟ ರೋಗವೆಂದು ಅವನು ತಿಳಿದಿರಲಿಲ್ಲ.

ಇನ್ನೊಂದು ಫಜೀತಿಯೂ ಇತ್ತು. ಪಂಪಿನಿಂದ ಹಾರಿದ ನೀರು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ಕ್ಯಾಮೆರಾದವನು ಹತ್ತಿರದ ಮನೆಗೆ ಹೋಗಿ, ಯಾರೂ ಇಲ್ಲದ್ದು ಕಂಡು, ಒಂದು ಗಡಿಗೆ ಮಜ್ಜಿಗೆಯನ್ನೇ ಎತ್ತಿ ತಂದು ಪಂಪಿಗೆ ಸುರಿದ. ಆ ಮನೆ ಪರಸಪ್ಪನದು. ಆ ಮಜ್ಜಿಗೆ, ವೀರನನ್ನು ನೋಡಲು ಮಸೂತಿಯಿಂದ ಬಂದು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಅಣ್ಣಂದಿರಿಗೆಂದು ಹುಚ್ಚವ್ವ ಬೆಳಿಗ್ಗೆ ಕಡೆದಿಟ್ಟದ್ದು.

ಬಾವಿಯಿಂದ ಬಂದ ಹುಚ್ಚವ್ವ ಗಡಿಗೆ ಕಾಣದೆ, ನೆಲದ ಮೇಲಿನ ಬಿಳಿ ಹನಿಗಳ ಜಾಡು ಹಿಡಿದು ಹೊಲಕ್ಕೆ ಬಂದಳು. ಶ್ರೀಶೈಲಪ್ಪನನ್ನು ಹೇಗೋ ಎಬ್ಬಿಸಿ ನಿಲ್ಲಿಸಿದ್ದರು; ಕ್ಯಾಮೆರಾ ಆಗಷ್ಟೇ ಗಿರ್ರೆಂದು ಶುರುವಾಗಿತ್ತು. ಆಕೆ ಮೊದಲು ಕಂಡದ್ದು ಮುರಿದು ಮಲಗಿದ ತೊಗರಿ ಗಿಡಗಳನ್ನು. ಆಮೇಲೆ ಅವುಗಳ ನಡುವೆ ನಿಂತ, ಎತ್ತಿನಷ್ಟು ದಪ್ಪದ ಹುಳುವನ್ನು.

"ಯಾವನೋ ಅಂವಾ, ನನ್ನ ತೊಗರಿ ತುಳದಾಂವ!"

"ಏಯ್, ತಡಿ, ನಾನs ಅದೇನಿ," ಎಂದಿತು ಹುಳು.

ಹುಚ್ಚವ್ವ ನಿಂತಳು. ಆ ದನಿ ಆಕೆಗೆ ಚೆನ್ನಾಗಿ ಗೊತ್ತಿತ್ತು.

"ವೀರ ಅಂದಿದ್ರಿ?"

ಹುಳು ನೇತಾಡುವ ಕಾಲುಚೀಲಗಳನ್ನು ಸರಿಪಡಿಸಿಕೊಳ್ಳತೊಡಗಿತು.

"ನಮ್ಮಣ್ಣಗೋಳ ಹನ್ನೆರಡ ಹರದಾರಿ ಬಂದಾರ, ಅವರಿಗೆ ಏನ ಹೇಳಲಿ? ನಿಮ್ಮ ತಂಗಿ ಗಂಡ ಕೀಡಿ ಆಗ್ಯಾನ ಅಂತ ಹೇಳಲ್ಯಾ?"

ಹೀಗೆನ್ನುತ್ತಲೇ ಶ್ರೀಶೈಲಪ್ಪನ ಹೆಗಲಿನ ಪಂಪು ಕಸಿದುಕೊಂಡು, ಬಾಯಿಯ ತೂತಿಗೆ ಗುರಿಯಿಟ್ಟು ಒತ್ತಿದಳು. ಮಜ್ಜಿಗೆ ಪರಸಪ್ಪನ ಕಣ್ಣಿಗೆ, ಮೂಗಿಗೆ, ಮೀಸೆಗೆ ನುಗ್ಗಿತು. ಇಂಡಿಯಿಂದ ಬಾಗೇವಾಡಿಯವರೆಗೆ ಯಾವ ಉಸ್ತಾದನೂ ಈ ಪಟ್ಟಿಗೆ ಮರುಪಟ್ಟು ಕಲಿಸಿರಲಿಲ್ಲ. ಒಂದು ಹೆಜ್ಜೆ ಹಿಂದಿಟ್ಟ, ಎರಡನೆಯದನ್ನಿಟ್ಟ, ಯಾಕೂಬಸಾಬ ಹೊಲಿದ ಐದನೆಯ ಕಾಲು ಸ್ವಂತ ಕಾಲಿಗೆ ಸುತ್ತಿಕೊಂಡಿತು. ಧಡ್ ಎಂದು ಅಂಗಾತ ಬಿದ್ದ. ಹುಚ್ಚವ್ವ ಅವನ ಹೊಟ್ಟೆಯ ಮೇಲೆ ಕಾಲಿಟ್ಟು ಕೂಗಿದಳು:

"ಇನ್ನೊಮ್ಮಿ ನನ್ನ ಹೊಲಕ್ಕ ಬಂದ್ರ ನೋಡು, ಇದ್ದಬದ್ದ ಕಾಲೆಲ್ಲಾ ಮುರೀತೇನಿ!"

ಗುರಲಿಂಗಪ್ಪ ನಿಲ್ಲಿಸು ಎನ್ನಲಿಲ್ಲ. ರೀಲು ಮುಗಿಯುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದ.

ಪರಸಪ್ಪ ಮಲಗಿದಲ್ಲಿಯೇ ಆಕಾಶ ನೋಡಿದ. ಅಂಗಾತ ಬಿದ್ದು ನೋಡಿದರೆ ಆಕಾಶ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಎದ್ದವನೇ ಮೊದಲು ಕೇಳಿದ: "ಮಣ್ಣ ಹತ್ತಿದ್ದು ಕೌದಿಗಲಾ? ನನ್ನ ಬೆನ್ನಿಗಲ್ಲಲಾ?"

"ಕೌದಿಗೆ," ಎಂದು ಯಾಕೂಬಸಾಬ ನ್ಯಾಯ ಹೇಳಿದ. "ಕೌದಿ ನಾ ಹೊಲದದ್ದು, ಸೋಲೂ ನಂದs. ನೀ ಹೋಗಿ ಮಾರಿ ತೊಳಕೋ."

ಮನೆಯಲ್ಲಿ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಎರಡು ದಿನ ಹುಚ್ಚವ್ವ ಅವನ ತಾಟಿಗೆ ಮಜ್ಜಿಗೆ ಬಡಿಸಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ, ಒಲೆಯ ಕಡೆ ನೋಡುತ್ತಲೇ ಹೇಳಿದಳು: "ಕೀಡಿ ಆದದ್ದಕ್ಕ ನನಗ ಸಿಟ್ಟಿಲ್ಲ. ಸುಳ್ಳ ಹೇಳಿದ್ರಲಾ, ಅದಕ್ಕ ಐತಿ."

"ನೀ ನಗ್ತಿ ಅಂತ ಹೆದರಿಕಿ ಆತು."

"ನಗ್ತಿದ್ದೆ," ಎಂದು ಒಪ್ಪಿಕೊಂಡಳು ಹುಚ್ಚವ್ವ. ಹಿಟ್ಟಿನ ಕೈಯಿಂದ ಸೆರಗು ಬಾಯಿಗಿಟ್ಟುಕೊಂಡು ಈಗ ನಕ್ಕಳು, ರೊಟ್ಟಿ ಸೀದು ಹೋಗುವವರೆಗೆ ನಕ್ಕಳು.

ತಿಂಗಳ ಮೇಲೆ ಒಂದು ಸಂಜೆ ಕಾರ್ಯಕ್ರಮ ಬಂತು. ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ; ಮಸೂತಿಯ ಅಣ್ಣಂದಿರು ಮತ್ತೆ ಬಂದಿದ್ದರು. ಪರಸಪ್ಪ ಎಲ್ಲರ ಹಿಂದೆ ಕಂಬಳಿ ಮುಸುಕೆಳೆದು ಕುಳಿತ. ಗುರಲಿಂಗಪ್ಪ ಬುದ್ಧಿವಂತ, ಒಂದು ತುಂಡೂ ಬಿಸಾಡಿರಲಿಲ್ಲ. ಆರು ಸಲ ಬೆಳೆವೀರ ಹಾರಿದ, ಆರು ಸಲವೂ ಜನ ಶಿಳ್ಳೆ ಹೊಡೆದರು. ಏಳನೆಯದಕ್ಕೆ ಹುಚ್ಚವ್ವ ಪಂಪು ಕಸಿದುಕೊಂಡಾಗ ಹೆಂಗಸರ ಕಡೆಯಿಂದ ಎದ್ದ ಕೇಕೆಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು. ಕೀಡಿ ಬಿತ್ತು.

ಆಗ ಮುಂದೆ ಕುಳಿತ ಮಕ್ಕಳು ಹೋ ಎಂದು ಅಳತೊಡಗಿದವು.

"ಕೀಡಿ ಸತ್ತತಿ! ಪಾಪ, ಕೀಡಿ ಚೊಲೋ ಇತ್ತು!"

ಪರಸಪ್ಪ ಮುಸುಕು ಸ್ವಲ್ಪ ಸರಿಸಿ ಆ ಮಕ್ಕಳನ್ನೇ ನೋಡಿದ. ಅಖಾಡದಲ್ಲಿ ಗೆದ್ದಾಗ ಜನ ಕೂಗಿದ್ದರು, ಕುಣಿದಿದ್ದರು. ಅವನಿಗಾಗಿ ಯಾರೂ ಅತ್ತಿರಲಿಲ್ಲ.

ಕಾರ್ಯಕ್ರಮದಿಂದ ಜನ ಏನು ಕಲಿತರೆಂದು ಕೇಳಲು ಟಿವಿಯವರ ಕಡೆಯಿಂದ ಒಬ್ಬ ಕಾಗದ ಹಿಡಿದು ಊರೂರು ತಿರುಗಿದ. ಕೀಡಿಗೆ ಮಜ್ಜಿಗೆ ಹೊಡೆಯಬೇಕು, ಎಮ್ಮೆಯದಾದರೆ ಇನ್ನೂ ಒಳ್ಳೆಯದು ಎಂದು ಹಲಸಂಗಿಯಿಂದ ಮಸೂತಿಯವರೆಗೆ ಎಲ್ಲರೂ ಒಂದೇ ಮಾತು ಹೇಳಿದರು. ಗುರಲಿಂಗಪ್ಪ ಗಾಬರಿಯಾಗಿ ಜೀಪು ಹತ್ತಿ ಮೋರಟಗಿಗೆ ಓಡಿ ಬಂದ. ಮಜ್ಜಿಗೆಯಲ್ಲ, ಎಣ್ಣೆ ಎಂದು ಹೇಳುವ ಎರಡನೆಯ ಭಾಗವನ್ನು ಕೂಡಲೇ ಮಾಡಬೇಕಿತ್ತು. ವೀರನ ಪಾತ್ರ ಈ ಸಲ ಹುಚ್ಚವ್ವನದೇ ಎಂದು ಹೈದರಾಬಾದಿನಲ್ಲೇ ತೀರ್ಮಾನವಾಗಿತ್ತು. ಕೀಡಿಯಾಗಲು ಶ್ರೀಶೈಲಪ್ಪ ತಾನೇ ಮುಂದೆ ಬಂದಿದ್ದ. ಬೀಳುವುದು ಅವನಿಗೆ ರೂಢಿಯಾಗಿತ್ತು.

"ಅದೆಲ್ಲಾ ಆಗಂಗಿಲ್ರಿ," ಎಂದ ಪರಸಪ್ಪ. ಜೀಪಿನ ಹಿಂಬದಿಯಿಂದ ಕೌದಿಯ ಗಂಟನ್ನು ತಾನೇ ಇಳಿಸಿ ಧೂಳು ಕೊಡವಿದ. "ಹುಡುಗ್ರು ಗುರ್ತ ಹಿಡೀತಾವು. ಕೀಡಿ ನಾನs."

ಕುತ್ತಿಗೆಯವರೆಗೆ ವೇಷ ಏರಿಸಿಕೊಂಡು ಹೆಂಡತಿಯ ಕಡೆ ತಿರುಗಿದ. ಆಕೆ ಹೆಲ್ಮೆಟ್ಟಿನೊಳಗೆ ತಲೆಗೂದಲಿನ ಅಂಬಾಡೆ ಗಂಟು ಹಿಡಿಸುವುದು ಹೇಗೆಂದು ಒದ್ದಾಡುತ್ತಿದ್ದಳು.

"ಈ ಸರ್ತಿ ಎಷ್ಟನೇ ಹೊಡತಕ್ಕ ಬೀಳಲಿ?"

"ಎರಡನೇದಕ್ಕ ಬೀಳ್ರಿ," ಎಂದಳು ಹುಚ್ಚವ್ವ. "ಬ್ಯಾಳಿ ಒಲಿ ಮ್ಯಾಲ ಇಟ್ಟ ಬಂದೇನಿ."